ಏಳು ಕೋಟಿ ಚಿಲ್ಲರೆ

ಬಸ್ಸು ಬೈಲಹೊಂಗಲದ ಸ್ಟ್ಯಾಂಡು ಬಿಡುವ ಮೊದಲೇ ಮುಕುಂದ ತಾಯಿಗೆ ಕೊಟ್ಟಿದ್ದ ಮಾತನ್ನು ಮನಸ್ಸಿನೊಳಗೆ ಮುರಿದುಬಿಟ್ಟಿದ್ದ. ಮಾತು ಇಷ್ಟೇ: ಇವತ್ತು ಸವದತ್ತಿಯಲ್ಲಿ ಕನ್ಯೆಯ ಮನೆಯ ಹೊಸ್ತಿಲು ದಾಟಿದ ಮೇಲೆ ಆ ಸಂಖ್ಯೆ ಬಾಯಿಗೆ ಬರಬಾರದು. ಬಾಯಿಗೆ ತಾನೆ, ಎಂದು ಕಿಟಕಿಯ ಪಕ್ಕ ಕೂತ ತಕ್ಷಣ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನಸ್ಸಿಗೆ ಬಂದರೆ ಯಾರಿಗೇನು ನಷ್ಟ. ಹಾಗೆಂದುಕೊಂಡದ್ದೇ ತಡ, ಅದು ಎಂಟೂ ಅಂಕಿಗಳ ಸಮೇತ ಬಂದು ಪಕ್ಕದಲ್ಲೇ ಕೂತಂತಾಯಿತು: ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ತಮೂರು. ಪಕ್ಕದ ಸೀಟಿನಲ್ಲಿ ನಿಜವಾಗಿ ಕೂತಿದ್ದವರು ತಾಯಿ ಲೀಲಾಬಾಯಿ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಹರಿದುಕೊಟ್ಟ ಸೊನ್ನೆ ರೂಪಾಯಿಯ ಟಿಕೇಟನ್ನು ಅವರು ಮಡಿಚಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡಿದ್ದರು. ಸರಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದಾಗಿನಿಂದ ಮಗನಿಗೆ ಕನ್ಯೆ ಹುಡುಕುವ ಅವರ ಉತ್ಸಾಹ ಇಮ್ಮಡಿಯಾಗಿತ್ತು. ಮೊದಲು ಬೈಲಹೊಂಗಲದ ಆಸುಪಾಸಿನಲ್ಲೇ ನೋಡುತ್ತಿದ್ದವರು ಈಗ ಕಿತ್ತೂರು, ಮುನವಳ್ಳಿ, ರಾಮದುರ್ಗ ಎಂದು ಎಲ್ಲ ದಿಕ್ಕಿಗೂ ಹಬ್ಬಿಕೊಂಡಿದ್ದರು. ಇದು ಎಷ್ಟನೆಯ ಕನ್ಯೆ ಎಂದು ಲೆಕ್ಕ ಇಡುವುದನ್ನು ಮುಕುಂದ ಬಿಟ್ಟಿದ್ದ, ತಾನು ಲೆಕ್ಕದ ಮೇಷ್ಟ್ರಾಗಿಯೂ.

ವಯಸ್ಸು ಮೂವತ್ತೊಂಬತ್ತು. ಲೀಲಾಬಾಯಿ ಊರೂರಿಗೆ ಕಳಿಸುವ ಬಯೋಡೇಟಾದಲ್ಲಿ ಮೂವತ್ತಾರು. ಅದು ಸುಳ್ಳಲ್ಲ, ಹಾಳೆ ಹಳೆಯದು ಅಷ್ಟೇ, ಎಂಬುದು ಅವರ ವಾದ. ಅವನ ವಯಸ್ಸನ್ನು ಬಚ್ಚಿಡದೆ ಹೇಳುತ್ತಿದ್ದದ್ದು ಆ ಸಂಖ್ಯೆಯೊಂದೇ, ಅದೂ ಎರಡೆರಡು ಸಲ, ಲಕ್ಷದಲ್ಲೊಮ್ಮೆ ಸಾವಿರದಲ್ಲೊಮ್ಮೆ. ಕಂಡಕ್ಟರು ಅವನ ಹಣ ಎಣಿಸಿಕೊಂಡು ಮುಂದೆ ಹೋದ. ಸ್ಟ್ಯಾಂಡಿನ ಹೊರಗೆ ಹತ್ತಿಯ ಅಂಡಿಗೆ ಹೇರಿದ ಲಾರಿಯೊಂದು ಅಡ್ಡ ನಿಂತು ಬಸ್ಸು ಹಾರ್ನು ಹೊಡೆಯುತ್ತಿತ್ತು, ಧಾರವಾಡದ ಹಾಸ್ಟೆಲಿನ ಹೊರಗೆ ಕೂಡ ಹತ್ತೊಂಬತ್ತು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ ಯಾವುದೋ ಮದುವೆಯ ಬ್ಯಾಂಡು ಹೀಗೆಯೇ ಬಿಡದೆ ಬಾರಿಸುತ್ತಿತ್ತು, ಒಳಗೆ ಇಪ್ಪತ್ತರ ಮುಕುಂದ ಒಬ್ಬನೇ ಕೂತು ಏಳು ಎಂದು ಬರೆದ. ಏಳು ಅವಿಭಾಜ್ಯ, ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಸಮನಾಗಿ ಒಡೆಯದು. ಅದರ ಬಲಕ್ಕೆ ಮೂರು ಇಟ್ಟರೆ ಎಪ್ಪತ್ತಮೂರು, ಅದೂ ಒಡೆಯದು. ಒಂಬತ್ತು ಇಟ್ಟರೆ ಏಳುನೂರಾ ಮೂವತ್ತೊಂಬತ್ತು, ಅದೂ. ಹೀಗೆ ಒಂದೊಂದೇ ಅಂಕಿ ಬಲಕ್ಕೆ ಇಡುತ್ತ, ಇಟ್ಟದ್ದು ಒಡೆಯುತ್ತದೋ ಎಂದು ಭಾಗಿಸಿ ನೋಡುತ್ತ ಹೋಗುವುದು ಒಂದು ಆಟವಾಯಿತು. ಎಂಟನೆಯ ಅಂಕಿಯ ಹೊತ್ತಿಗೆ ಎಂಟು ಸಾವಿರದ ಆರುನೂರರ ಒಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಬೇಕಾಗಿ ಬಂದು ಆಟ ಹಟವಾಯಿತು, ರಜೆ ಮುಗಿಯಿತು. ಒಂಬತ್ತನೆಯ ಅಂಕಿ ಮಾತ್ರ ಯಾವುದನ್ನಿಟ್ಟರೂ ಕೂಡಿಬರಲಿಲ್ಲ. ೭೩೯೩೯೧೩೩. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತ ಬನ್ನಿ, ಕೊನೆಯ ಏಳು ಉಳಿಯುವ ತನಕ ಪ್ರತಿ ಸಲವೂ ಉಳಿದದ್ದು ಅವಿಭಾಜ್ಯವೇ. ಇನ್ನೊಂದು ಅಂಕಿ ಸೇರಿಸಲು ಹೋಗಿ, ಒಡೆಯುತ್ತದೆ.

ಇದನ್ನು ಜಗತ್ತಿಗೆ ಹೇಳಬೇಕೆಂದು ಅವನು ಕೆಲವು ವರ್ಷ ಕಾದುಕೊಂಡಿದ್ದ. ಊರಿಗೆ ಇಂಟರ್ನೆಟ್ಟು ಬಂದ ಮೇಲೆ ನೋಡಿದರೆ ಜಗತ್ತಿಗೆ ಅದು ಯಾವಾಗಲೋ ಗೊತ್ತಿತ್ತು. ಈ ಗುಣವಿರುವ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಎಂದು ಕೂಡ ಗೊತ್ತಿತ್ತು. ಸೈಬರ್ ಕೆಫೆಯ ಕುರ್ಚಿಯಲ್ಲಿ ಅವನಿಗೆ ಆದ ನಾಚಿಕೆ ಎಂಥದ್ದೆಂದರೆ ಹಣ ಕೊಟ್ಟು ಚಿಲ್ಲರೆ ತೆಗೆದುಕೊಳ್ಳದೆ ಎದ್ದು ಬಂದಿದ್ದ. ಆದರೂ ಅದನ್ನು ಬಿಡಲಿಲ್ಲ. ಅಪ್ಪ ತೀರಿಕೊಂಡಾಗ, ಅಣ್ಣ ಮಿಲಿಂದ ಕಿತ್ತೂರಿನಲ್ಲಿ ಬೇರೆ ಮನೆ ಮಾಡಿದಾಗ, ಕಡೆಯದೊಂದು ಅಂಕಿ ಹೋಯಿತು, ಉಳಿದದ್ದು ಗಟ್ಟಿ ಇದೆ, ಎಂದುಕೊಳ್ಳುವುದು ಅಭ್ಯಾಸವಾಯಿತು. ಒಬ್ಬೊಬ್ಬರೇ ಹೋಗಲಿ, ತಾನು ಒಡೆಯುವವನಲ್ಲ. ಈ ಹೆಮ್ಮೆಯ ಇನ್ನೊಂದು ಮಗ್ಗುಲು ಅವನಿಗೆ ಇತ್ತೀಚೆಗಷ್ಟೇ ಕಾಣತೊಡಗಿತ್ತು: ಇದಕ್ಕೆ ಯಾರೂ ಬಂದು ಸೇರುವಂತಿಲ್ಲ. ಹಾಗೆ ಕಂಡ ದಿನ ಅವನು ಎರಡು ಕಪ್ಪು ಚಹಾ ಮಾಡಿಕೊಂಡು ಎರಡನ್ನೂ ತಾನೇ ಕುಡಿದಿದ್ದ.

ರಾಮದುರ್ಗದ ಪ್ರಕರಣ ಆದದ್ದು ಹೋದ ವರ್ಷ. ಕನ್ಯೆಯನ್ನೂ ಅವನನ್ನೂ ಮಾತಾಡಿಕೊಳ್ಳಲಿ ಎಂದು ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲನ್ನು ಮುಚ್ಚಿದ ಹಾಗೆ ಮಾಡಿ ಮುಚ್ಚದೆ, ಹಿರಿಯರು ಹೊರಗೆ ಶಿರಾ ತಿನ್ನುತ್ತಿದ್ದರು. ಹುಡುಗಿ ಹವ್ಯಾಸ ಏನು ಎಂದು ಕೇಳಿದಳು. ಯಾರೂ ಅಷ್ಟು ಸರಳವಾಗಿ ಕೇಳಿರಲಿಲ್ಲವಾದ್ದರಿಂದ ಅವನಿಗೆ ಹುರುಪು ಬಂತು. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಎಂದು ದನಿಯೇರಿಸಿ ಶುರುಮಾಡಿದ. ಹೊರಗೆ ಚಮಚೆಗಳ ಸದ್ದು ನಿಂತದ್ದನ್ನು ಅವನು ಕೇಳಿಸಿಕೊಂಡ, ಆದರೆ ಅದನ್ನು ಗಣಿತಕ್ಕೆ ಸಂದ ಗೌರವವೆಂದುಕೊಂಡ. ಮರುದಿನ ಮಧ್ಯಸ್ಥರ ಫೋನು ಬಂತು. ಅವರ ಮಾತು ಬಹಳ ವಿನಯದ್ದು: ಹುಡುಗ ಯೋಗ್ಯನಿದ್ದಾನೆ, ಆದರೆ ಅಷ್ಟು ಕೊಡುವುದು ನಮ್ಮಿಂದ ಆಗುವುದಿಲ್ಲ. ಏನು ಅಷ್ಟು ಎಂಬುದು ತಿಳಿಯಲು ತಾಯಿಗೂ ಮಗನಿಗೂ ಒಂದು ವಾರ ಹಿಡಿಯಿತು. ತಿಳಿದ ಮೇಲೆ ಲೀಲಾಬಾಯಿ ಮೊದಲು ಅತ್ತರು, ಆಮೇಲೆ ಅಳುತ್ತಲೇ ನಕ್ಕರು, ಆಮೇಲೆ ನಿಷೇಧ ಹೇರಿದರು. ಸ್ಟಾಫ್ ರೂಮಿನಲ್ಲಿ ಕಾಮರ್ಸಿನ ಉಳವಪ್ಪನಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಸರ, ನಿಮ್ಮ ನಂಬರಿಗೆ ಯೂನಿಟ್ ಇಲ್ರಿ. ರೂಪಾಯಿ ಅನ್ರಿ, ಕ್ವಿಂಟಲ್ ಅನ್ರಿ, ಏನರ ಒಂದು ಅನ್ರಿ. ಬರೇ ಕೋಟಿ ಅಂದ್ರ ಮಂದಿ ಹ್ಯಾಂಗ ಸುಮ್ಮನ ಕುಂದ್ರಬೇಕು?" ಎಂದಿದ್ದ.

ಅದರಲ್ಲಿ ಅರ್ಥವಿತ್ತು. ಯೂನಿಟ್ ಬರೆಯದ ಉತ್ತರಕ್ಕೆ ಅವನೇ ಹುಡುಗರ ಅರ್ಧ ಅಂಕ ಕತ್ತರಿಸುತ್ತಿದ್ದ. ಈ ಸೀಮೆಯಲ್ಲಿ ದೊಡ್ಡ ಸಂಖ್ಯೆ ಎಂದರೆ ದುಡ್ಡು, ಇಲ್ಲವೆ ಹೊಲ, ಇಲ್ಲವೆ ಜಾತ್ರೆಗೆ ಸೇರಿದ ಜನ. ಯಾವುದರದ್ದೂ ಅಲ್ಲದ, ಸುಮ್ಮನೆ ತಾನಾಗಿ ಇರುವ ಸಂಖ್ಯೆಯನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಏನು ಮಾಡುತ್ತಾನೆ? ಹೀಗೆ ಯೋಚಿಸುತ್ತ ಅವನ ತುಟಿ ತನ್ನಷ್ಟಕ್ಕೇ ಅಲುಗಿತೆಂದು ಕಾಣುತ್ತದೆ. ಮುಂದಿನ ಸೀಟಿನ ಮುದುಕಿ ಗಕ್ಕನೆ ತಿರುಗಿದಳು. ಯಲ್ಲಮ್ಮನ ಗುಡ್ಡಕ್ಕೆ ಹೊರಟವಳು, ಬಾಯವ್ವ ಎಂದು ಕಂಡಕ್ಟರು ಕರೆದದ್ದನ್ನು ಅವನು ಕೇಳಿದ್ದ. ಮಡಿಲಲ್ಲಿ ಭಂಡಾರದ ಚೀಲ. ಏಳು ಕೋಟಿ ಎಂಬುದಷ್ಟೇ ಅವಳ ಕಿವಿಗೆ ಬಿದ್ದಿರಬೇಕು. ಅದು ಮೈಲಾರಲಿಂಗನ ಜಯಕಾರ, ಅವನ ಒಕ್ಕಲಿಗೆ ಅಷ್ಟು ಸಾಕು. "ಚಾಂಗಮಲೋ" ಎಂದು ದೇವರಿಗೆ ಸಲ್ಲಬೇಕಾದ ಉತ್ತರವನ್ನು ಸಲ್ಲಿಸಿ, ಒಂದು ಚಿಟಿಕೆ ಭಂಡಾರ ತೆಗೆದು ಮುಕುಂದನ ಹಣೆಯ ಉದ್ದಕ್ಕೂ ಬಳಿದಳು. ಅದು ಮೂಗಿನ ಮೇಲೂ ಇಸ್ತ್ರಿ ಮಾಡಿದ ಅಂಗಿಯ ಮೇಲೂ ಉದುರಿತು. ಲೀಲಾಬಾಯಿ ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಷ್ಟೂ ಅರಿಸಿನ ಹಬ್ಬಿತು. ಇಷ್ಟು ವರ್ಷಗಳಲ್ಲಿ ಆ ಸಂಖ್ಯೆಗೆ ಥಟ್ಟನೆ ಉತ್ತರ ಕೊಟ್ಟ ಮೊದಲ ಮನುಷ್ಯಳು ಇವಳೇ ಎಂದು ಹೊಳೆದು ಮುಕುಂದನಿಗೆ ನಗು ಬಂತು. ನಗಬೇಡ, ನಕ್ಕರೆ ಕಣ್ಣಿನ ಹತ್ತಿರ ಗೆರೆಗಳು ಕಾಣುತ್ತವೆ, ಎಂದರು ತಾಯಿ.

ಸವದತ್ತಿಯ ಪೇಟೆಯಲ್ಲಿ ಔಷಧ ಅಂಗಡಿ ಮುಂದೆ, ಮನೆ ಹಿಂದೆ. ಎರಡಕ್ಕೂ ನಡುವೆ ಒಂದು ಪರದೆ. ಅಂಗಡಿ ನಡೆಸುವವಳೇ ಕನ್ಯೆ, ಹೆಸರು ಭಾವನಾ, ವಯಸ್ಸು ಮೂವತ್ತನಾಲ್ಕು. ಮಧ್ಯಸ್ಥರು ಫೋನಿನಲ್ಲಿ ಎಲ್ಲ ಹೇಳಿ ಕಡೆಗೆ ಒಂದು ಸಣ್ಣ ವಿಷಯ ಅದ ಎಂದಿದ್ದರು. ಸಣ್ಣ ವಿಷಯವೆಂದರೆ ಅವಳಿಗೆ ಮೊದಲೊಂದು ಮದುವೆಯಾಗಿತ್ತು, ವರ್ಷ ತುಂಬುವ ಮೊದಲೇ ಮುರಿದಿತ್ತು. ಲೀಲಾಬಾಯಿ ಒಂದು ರಾತ್ರಿ ಯೋಚಿಸಿ, ನಮ್ಮ ಹಾಳೆಯೂ ಹಳೆಯದೇ ಅಲ್ಲವೇ, ಎಂದು ಒಪ್ಪಿದ್ದರು. ಒಳಗೆ ಅವಳ ತಾಯಿ ಮಾಲಾಬಾಯಿ, ಮುನವಳ್ಳಿಯಿಂದ ಈ ಕೆಲಸಕ್ಕೆಂದೇ ಬಂದಿದ್ದ ಸೋದರಮಾವ ನೀಲಕಂಠರಾಯರು. ರಾಯರು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಎದುರಿಗಿದ್ದವರ ಮಟ್ಟ ಅಳೆಯುವಂತೆ ನೋಡುವುದು ಇನ್ನೂ ಹೋಗಿರಲಿಲ್ಲ. ಅವರ ಕಣ್ಣು ನೇರ ಮುಕುಂದನ ಹಣೆಗೆ ಹೋಯಿತು, ಅರಳಿತು. ಗುಡ್ಡಕ್ಕೆ ಹೋಗಿ ದರ್ಶನ ಮಾಡಿಕೊಂಡೇ ಬಂದಿರೇನು, ಎಂದು ಕೇಳಿದರು. ಲೀಲಾಬಾಯಿ ಒಂದು ಕ್ಷಣವೂ ತಡಮಾಡದೆ ಹೌದೆಂದರು, ಗದ್ದಲ ಭಾಳ ಇತ್ತೆಂದೂ ಸೇರಿಸಿದರು. ಮುಕುಂದನ ಮುಂದೆ ಉಪ್ಪಿಟ್ಟು ಬಂತು. ಹೋಗದ ಗುಡ್ಡದ ಗದ್ದಲವನ್ನು ತಾಯಿ ವಿವರಿಸುತ್ತಿದ್ದರೆ ಅವನು ತಟ್ಟೆಯಲ್ಲಿದ್ದ ಸಾಸಿವೆ ಕಾಳುಗಳನ್ನು ಬದಿಗೆ ಸರಿಸುತ್ತ ಕೂತ. ಸುಳ್ಳು ತನ್ನ ಹಣೆಯ ಮೇಲೇ ಇತ್ತು, ಹಳದಿಯಾಗಿ, ಎಲ್ಲರಿಗೂ ಕಾಣುವಂತೆ.

ಭಾವನಾ ಚಹಾ ತಂದಳು. ತಂದಿಟ್ಟು, ಹೀಗೆ ಕೂರಿಸಿ ನೋಡುವ ಹೊತ್ತಿಗೆ ಹುಡುಗಿಯರು ಕೂರುವ ಹಾಗೆ ತಲೆ ಬಗ್ಗಿಸಿ ಕೂರದೆ, ಅವನ ಕಪ್ಪಿಗೆ ಬಿದ್ದ ನೊಣವನ್ನು ನೋಡಿ ಕಪ್ಪು ಬದಲಿಸಿಕೊಟ್ಟಳು. ಅಷ್ಟರಲ್ಲಿ ಅಂಗಡಿಯ ಶಟರನ್ನು ಯಾರೋ ಬಡಿದರು. ಆಯಿತವಾರ, ಪೇಟೆಯ ಬೇರೆ ಔಷಧ ಅಂಗಡಿಗಳು ಬಂದ್. ಗಿರಾಕಿ ಕಳಿಸಿ ಬರುತ್ತೇನೆಂದು ಅವಳು ಎದ್ದಳು. ನೀಲಕಂಠರಾಯರು ಅಳತೆ ಹಾಕಿ ನೋಡಿ, ಅಲ್ಲೇ ಕೂತು ಇಬ್ಬರೂ ನಾಲ್ಕು ಮಾತಾಡಿಕೊಂಡು ಬರಲಿ, ಒಳಗೆ ಕೋಣೆಯಾದರೂ ಎಲ್ಲಿದೆ, ಎಂದರು. ಲೀಲಾಬಾಯಿ ಮಗನ ಕಡೆ ನೋಡಿದ ನೋಟದಲ್ಲಿ ರಾಮದುರ್ಗ ಪೂರ್ತಿ ಇತ್ತು.

ಬಿ.ಪಿ. ನೋಡಿಸಿಕೊಳ್ಳುವವರು ಕೂರುವ ಸ್ಟೂಲಿನ ಮೇಲೆ ಮುಕುಂದ ಕೂತ. ಸುತ್ತ ಕೆಮ್ಮಿನ ಔಷಧ, ಮಂಡಿನೋವಿನ ಎಣ್ಣೆ, ಹಸುಗೂಸಿನ ಪೌಡರು. ಕೌಂಟರಿನಾಚೆ ನಿಂತವಳ ಮುಂದೆ ತಾನು ರೋಗಿಯಂತೆ ಕಾಣುತ್ತಿದ್ದೇನೆ ಎನಿಸಿತು, ಕೈ ಚಾಚಿ ನಾಲಿಗೆ ತೋರಿಸಬೇಕೇನೋ ಎನಿಸಿತು. ಮನೆಯಲ್ಲಿ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸತೊಡಗಿದ: ಓದುವುದು, ವಾಕಿಂಗು, ಹಳೆಯ ಹಾಡು. ಅವಳು ಗ್ಯಾಸಿನ ಗುಳಿಗೆ ಕೇಳಿದವನಿಗೆ ಗುಳಿಗೆ ಕತ್ತರಿಸಿ ಕೊಟ್ಟು, ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೆಂದು ಹೇಳಿ ಕಳಿಸಿ, ಕತ್ತರಿ ಜಾಗಕ್ಕಿಟ್ಟು, ಅವನ ಕಡೆ ತಿರುಗಿದಳು.

"ರಾಮದುರ್ಗದಾಗ ಏಳು ಕೋಟಿ ಕೇಳಿದವರು ನೀವೇ ಅಲ್ರಿ?"

ಸುದ್ದಿ ಬಸ್ಸಿಗಿಂತ ಮೊದಲು ಬಂದಿತ್ತು, ಅದೂ ಟಿಕೇಟಿಲ್ಲದೆ. ಕೇಳಲಿಲ್ಲ, ಹೇಳಿದೆ ಅಷ್ಟೇ, ಎಂದು ಅವನು ತೊದಲಿದ. ಅವಳು ನಗಲಿಲ್ಲ, ಆದರೆ ನಗು ಎಲ್ಲೋ ಹತ್ತಿರದಲ್ಲೇ ಇದ್ದಂತೆ ಕಂಡಿತು. ಏಳು ಕೋಟಿ ಕೇಳುವ ಮನುಷ್ಯ ಹೇಗಿರುತ್ತಾನೆಂದು ನೋಡಬೇಕೆನಿಸಿತು, ಇಲ್ಲದಿದ್ದರೆ ಈ ಸಲವೂ ಮಾಮಾಗೆ ಬೇಡವೆಂದೇ ಹೇಳುತ್ತಿದ್ದೆ, ಎಂದಳು. ಆಮೇಲೆ, ಏನದು, ಹೇಳಿ, ಎಂದಳು. ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಅವನು ಹಳೆಯ ಹಾಡಿನ ಕಡೆ ಹೊರಳುತ್ತಿದ್ದನೋ ಏನೋ. ಆದರೆ ಅವನ ಕಣ್ಣು ಶಟರಿನ ಕೆಳಗಿನ ಮೆಟ್ಟಿಲ ಮೇಲೆ ಬಿತ್ತು. ಮಾತು ಕೊಟ್ಟದ್ದು ಮನೆಯ ಹೊಸ್ತಿಲಿನ ಬಗ್ಗೆ. ಇದು ಅಂಗಡಿ. ವಾದ ತಾಯಿಯ ಹಳೆಯ ಹಾಳೆಯಷ್ಟೇ ಗಟ್ಟಿಯಾಗಿತ್ತು, ಅಷ್ಟು ಸಾಕಾಗಿತ್ತು. ಗುಳಿಗೆ ಹಾಕಿಕೊಡುವ ಕಾಗದದ ಲಕೋಟೆಯೊಂದನ್ನು ಎಳೆದುಕೊಂಡು ಅದರ ಮೇಲೆ ಎಂಟೂ ಅಂಕಿ ಬರೆದ. ಈ ಸಲ ದನಿಯೇರಿಸಲಿಲ್ಲ, ಪರದೆಯಾಚೆ ಹಿರಿಯರಿದ್ದರು. ಪಿಸುಗುಟ್ಟುವ ದನಿಯಲ್ಲೇ ಅವಿಭಾಜ್ಯ ಎಂದರೇನು, ಬಲಗಡೆಯಿಂದ ಅಳಿಸುತ್ತ ಬಂದರೆ ಏನಾಗುತ್ತದೆ, ಎಲ್ಲ ಹೇಳಿದ. ಭಾವನಾ ಹೆಬ್ಬೆಟ್ಟಿನಿಂದ ಕಡೆಯ ಅಂಕಿಯನ್ನು ಮುಚ್ಚಿದಳು. ಇದು? ಅವಿಭಾಜ್ಯ. ಇನ್ನೊಂದು ಮುಚ್ಚಿದಳು. ಇದು? ಇದೂ. ಅವಳ ಉಗುರಿನಲ್ಲಿ ಅರಿಸಿನದ ಕಲೆ ಇತ್ತು, ಬೆಳಿಗ್ಗೆ ಉಪ್ಪಿಟ್ಟು ಇವಳೇ ಮಾಡಿರಬೇಕು. ಏಳು ಒಂದೇ ಉಳಿಯುವ ತನಕ ಅವಳು ಮುಚ್ಚುತ್ತ ಬಂದಳು, ಅವನು ಇದೂ, ಇದೂ ಎನ್ನುತ್ತ ಬಂದ, ಮತ್ತು ಬಹಳ ವರ್ಷಗಳ ನಂತರ ಅವನಿಗೆ ತಾನು ಯಾರ ಜೊತೆಗೋ ಆಡುತ್ತಿದ್ದೇನೆ ಎನಿಸಿತು. ಸುಖವೆಂದರೆ ಇದೇ ಇರಬೇಕು ಎನಿಸಿತು. ಅದೂ ಔಷಧ ಅಂಗಡಿಯಲ್ಲಿ.

ಆಮೇಲೆ ಅವಳು ಹೆಬ್ಬೆಟ್ಟು ಎತ್ತಿ ಆ ಕಡೆ, ಎಡತುದಿಯ ಏಳರ ಮೇಲೆ ಇಟ್ಟಳು.

"ಬಿಟ್ಟು ಹೋಗೋರು ಯಾವಾಗಲೂ ಕಡಿಯಿಂದೇ ಹೋಗತಾರೇನ್ರಿ?" ಎಂದಳು. "ನನ್ನ ಪಾಲಿಗೆ ಮೊದಲನೇದೇ ಹೋತು. ಈಗ ಉಳಿದದ್ದು ಹೇಳ್ರಿ. ಇದು ಒಡೀತದೋ, ಇಲ್ಲೋ?"

ಮುಕುಂದ ಲಕೋಟೆ ನೋಡಿದ. ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ತಮೂರು. ಈ ಕಡೆಯಿಂದ ಅವನು ಒಂದು ಸಲವೂ ನೋಡಿರಲಿಲ್ಲ. ಹತ್ತೊಂಬತ್ತು ವರ್ಷ ಅದರ ಜೊತೆ ಉಂಡು, ಮಲಗಿ, ಬಸ್ಸು ಹತ್ತಿ ಇಳಿದು, ಎಡಗಡೆಯೂ ಒಂದು ಕಡೆ ಎಂಬುದು ಹೊಳೆದಿರಲಿಲ್ಲ. ನಾಚಿಕೆಯಾಗುವಷ್ಟು ಪುರುಸೊತ್ತು ಇರಲಿಲ್ಲ. ತಲೆ ಆಗಲೇ ತನ್ನ ಕೆಲಸ ಶುರುಮಾಡಿತ್ತು. ಮೂರರಿಂದ ಹೋಗದು, ಏಳರಿಂದ ಎರಡು ಉಳಿಯುತ್ತದೆ. ಹನ್ನೊಂದು: ಒಂದು ಬಿಟ್ಟು ಒಂದು ಅಂಕಿ ಕೂಡಿಸು. ಮೂರು, ಮೂರು, ಒಂದು, ಮೂರು, ಹತ್ತು. ಒಂಬತ್ತು, ಒಂಬತ್ತು, ಮೂರು, ಇಪ್ಪತ್ತೊಂದು. ವ್ಯತ್ಯಾಸ ಹನ್ನೊಂದು. ಒಡೆಯಿತು. ಇಷ್ಟು ಸುಲಭವಾಗಿ, ಏಳನೆಯ ತರಗತಿಯ ಹುಡುಗನೂ ಕಂಡುಹಿಡಿಯುವಷ್ಟು ಸುಲಭವಾಗಿ ಒಡೆದುಹೋಯಿತು.

ಅವಳು ಕಾಯುತ್ತಿದ್ದಳು. ಹೆಬ್ಬೆಟ್ಟು ಇನ್ನೂ ಏಳರ ಮೇಲಿತ್ತು. ಅವಳಿಗೆ ಪರೀಕ್ಷಿಸುವ ದಾರಿ ತಿಳಿಯದು, ಇಲ್ಲ ಒಡೆಯುವುದಿಲ್ಲ ಎಂದರೆ ನಂಬುತ್ತಾಳೆ, ಮುಖ ಬಿಚ್ಚುತ್ತದೆ, ಪರದೆ ಸರಿಸಿ ಒಳಗೆ ಹೋಗಿ ಹೂಂ ಅನ್ನುತ್ತಾಳೆ. ಒಂದೇ ಒಂದು ಮಾತು. ಒಳಗೆ ತಾಯಿಯ ದನಿ ಕೇಳುತ್ತಿತ್ತು, ಗುಡ್ಡದ ಗದ್ದಲದಲ್ಲಿ ಯಾರದೋ ಚಪ್ಪಲಿ ಕಳೆದ ಪ್ರಸಂಗಕ್ಕೆ ಬಂದು ಮುಟ್ಟಿದ್ದರು. ಎಷ್ಟು ಸಲೀಸಾಗಿ ಬರುತ್ತದೆ ಅವರಿಗೆ. ಅಪ್ಪನಿಗೆ ಆಸ್ಪತ್ರೆಯಲ್ಲಿ ಎಲ್ಲ ಛಲೋ ಅದ ಎಂದು ತಾನೂ ಹೇಳಿದ್ದೆನಲ್ಲ, ಅಪ್ಪ ನಂಬಿದವರಂತೆ ಕಣ್ಣು ಮುಚ್ಚಿದ್ದರು, ನಂಬಿರಲಿಲ್ಲ. ಇವಳೂ ನಂಬಿದಂತೆ ಮಾಡಬಹುದು. ಇಲ್ಲವೆ ನಿಜವಾಗಿ ನಂಬಬಹುದು, ಅದು ಇನ್ನೂ ಕೆಟ್ಟದ್ದು. ಆಮೇಲೆ ಒಂದು ದಿನ ಇದೇ ಕೌಂಟರಿನ ಮೇಲಿನ ಕ್ಯಾಲ್ಕುಲೇಟರಿನಲ್ಲಿ ಸುಮ್ಮನೆ ಒತ್ತಿ ನೋಡುತ್ತಾಳೆ. ಮುಕುಂದನಿಗೆ ಇದ್ದಕ್ಕಿದ್ದಂತೆ ಹಣೆಯ ಭಂಡಾರ ಕಡಿಯತೊಡಗಿತು.

"ಒಡೀತದ್ರಿ," ಎಂದ.

ಭಾವನಾ ಹೆಬ್ಬೆಟ್ಟು ತೆಗೆದಳು. ತಿರುಗಿ, ಕಪಾಟಿನಲ್ಲಿ ಸರಿಯಾಗಿಯೇ ಇದ್ದ ಬಾಟಲಿಗಳನ್ನು ಇನ್ನಷ್ಟು ಸರಿ ಮಾಡಿದಳು. ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಕುಪ್ಪಸದ ಒಂದು ಹೊಲಿಗೆ ಬಿಟ್ಟದ್ದನ್ನು ಅವಸರದಲ್ಲಿ ಪಿನ್ನು ಚುಚ್ಚಿ ಕೂಡಿಸಿದ್ದಳು. ಹೇಳಬಾರದಿತ್ತು ಎನಿಸಿತು ಅವನಿಗೆ. ಗಣಿತಕ್ಕೆ ಏನಾಗುತ್ತಿತ್ತು, ಒಂದು ಸುಳ್ಳಿಗೆ ಅದೇನು ಬಿದ್ದುಹೋಗುತ್ತಿತ್ತೇ. ಮತ್ತು ಒಂದು ನಿಜ ಹೊರಬಿದ್ದ ತೂತಿನಿಂದಲೇ ಇನ್ನೊಂದು ನುಗ್ಗಿ ಬಂತು. ತನಗೆ ಮೂವತ್ತಾರಲ್ಲ, ಮೂವತ್ತೊಂಬತ್ತು, ಎಂದ. ಗುಡ್ಡಕ್ಕೂ ಹೋಗಿರಲಿಲ್ಲ, ಬಸ್ಸಿನಲ್ಲಿ ಒಬ್ಬ ಮುದುಕಿ ಹಚ್ಚಿದಳು, ಎಂದ. ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕಿ, ಹಳೆಯ ಹಾಡು ಕೇಳುವುದೂ ಅಷ್ಟಕ್ಕಷ್ಟೇ, ಎಂದ.

ವಯಸ್ಸು ಗೊತ್ತಿದೆ, ಎಂದಳು ಅವಳು ಬಾಟಲಿಗಳಿಗೆ. ಮಾಮಾ ಬೈಲಹೊಂಗಲದಲ್ಲಿ ವಿಚಾರಿಸಿದ್ದರಂತೆ. ಆಮೇಲೆ ಈ ಕಡೆ ತಿರುಗಿದಾಗ ಮುಖದಲ್ಲಿ ಅವನು ಹೆದರಿದ್ದ ನೋವು ಇರಲಿಲ್ಲ. ಲೆಕ್ಕ ಕೇಳುವವಳ ಕುತೂಹಲವಿತ್ತು. ಎಷ್ಟರಿಂದ ಒಡೆಯಿತು, ಎಂದಳು. ಹನ್ನೊಂದರಿಂದ. ಒಡೆದರೆ ಎಷ್ಟು ಬರುತ್ತದೆ? ಅವನು ಲಕೋಟೆಯ ಹಿಂಬದಿಯಲ್ಲಿ ಭಾಗಿಸಿದ: ಮೂರು ಲಕ್ಷ ಐವತ್ತೆಂಟು ಸಾವಿರದ ನೂರಾ ಮೂರು. ಅವಳು ಎರಡನ್ನೂ ಓದಿಕೊಂಡಳು, ಹನ್ನೊಂದನ್ನೂ ಅದನ್ನೂ.

"ನಿಮ್ಮದು ಯಾರ ಜೋಡಿನೂ ಹೋಗೂದಿಲ್ಲ. ನಂದು ಹನ್ನೊಂದರ ಜೋಡಿ ಹೋಗತದ," ಎಂದಳು. "ಇದರಾಗ ಛಲೋದು ಯಾವುದ್ರಿ?"

ಗಣಿತದಲ್ಲಿ ಆ ಪ್ರಶ್ನೆ ಇರಲಿಲ್ಲ. ಅವಿಭಾಜ್ಯವೇ ಶ್ರೇಷ್ಠವೆಂದು ಯಾವ ಪುಸ್ತಕವೂ ಬರೆದಿರಲಿಲ್ಲ, ಹಾಗೆಂದುಕೊಂಡವನು ತಾನೇ. ಒಡೆಯುವುದು ಎಂದರೆ ಮುರಿಯುವುದೆಂದು ಇಷ್ಟು ದಿನ ತಿಳಿದಿದ್ದ, ಅವಳು ನೋಡಿದರೆ ಜೋಡಿಯಾಗಿ ಹೋಗುವುದು ಎನ್ನುತ್ತಿದ್ದಾಳೆ. ಈ ಮೂರು ಲಕ್ಷದ್ದು ಇನ್ನೂ ಒಡೆಯುತ್ತದೆಯೇ, ಎಂದು ಅವಳು ಕೇಳಿದಳು. ಗೊತ್ತಿಲ್ಲ, ನೋಡಬೇಕು, ಎಂದ. ಅವಳು ಲಕೋಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಕೌಂಟರಿನ ಗಾಜಿನ ಕೆಳಗೆ ಸರಿಸಿದಳು. ಒಳಗಿನಿಂದ ಮಾಲಾಬಾಯಿ ಕರೆದರು, ಇಬ್ಬರೂ ಪರದೆ ಸರಿಸಿ ಒಳಗೆ ಹೋದರು. ಅವಳು ನೇರ ಅಡುಗೆಮನೆಗೆ ಹೋಗಿಬಿಟ್ಟಳು. ಅವನ ಕಡೆ ನೋಡಲಿಲ್ಲ.

ಹೊರಡುವ ಹೊತ್ತಾಯಿತು. ಕುಂಕುಮ, ಹಣ್ಣು, ಬರಬೇಕು ಬರಬೇಕು ಎಂಬ ಮಾತು. ನೀಲಕಂಠರಾಯರು ಜಗಲಿಯ ತನಕ ಬಂದು ಕೈಮುಗಿದು, ಒಳ್ಳೆಯದು, ವಿಚಾರ ಮಾಡಿ ತಿಳಿಸುತ್ತೇವೆ, ಎಂದರು. ಮುಕುಂದನಿಗೆ ಈ ಮಾತು ಚೆನ್ನಾಗಿ ಪರಿಚಯವಿತ್ತು. ಕಿತ್ತೂರಿನಲ್ಲಿ, ಮುನವಳ್ಳಿಯಲ್ಲಿ, ಎಲ್ಲ ಕಡೆ ಜಗಲಿಯ ಇದೇ ಜಾಗದಲ್ಲಿ, ಒಂದು ಕಾಲು ಚಪ್ಪಲಿಯಲ್ಲಿ ಇನ್ನೊಂದು ಹೊರಗೆ ಇರುವಾಗಲೇ ಅದು ಬರುತ್ತದೆ. ತಿಳಿಸುತ್ತೇವೆ ಎಂದವರು ತಿಳಿಸುವುದಿಲ್ಲ. ತಿಳಿಸದೆ ಇರುವುದೇ ತಿಳಿಸುವ ರೀತಿ. ಲೀಲಾಬಾಯಿ ಬಳೆಯ ಸಂದಿಯಲ್ಲಿ ಬೆರಳಾಡಿಸಿದರು. ಮುಗಿಯಿತು, ಇನ್ನೊಂದು ಸೊನ್ನೆ ಟಿಕೇಟಿನಲ್ಲಿ ಮನೆಗೆ. ಮುಕುಂದನಿಗೆ ಈ ಸಲ ಹೆಮ್ಮೆಪಡಲು ಏನೂ ಉಳಿದಿರಲಿಲ್ಲ. ಕಡೆಯ ಅಂಕಿ ಹೋಯಿತು, ಉಳಿದದ್ದು ಗಟ್ಟಿ ಇದೆ, ಎಂದುಕೊಳ್ಳಲು ನೋಡಿದ, ಬರಲಿಲ್ಲ. ಇವಳು ಹೂಂ ಅನ್ನಬೇಕಿತ್ತು ಎಂದು ಅವನಿಗೆ ಬಹಳ ದುಃಖವಾಯಿತು, ಯಾವ ಊರಿನ ಯಾವ ಕನ್ಯೆಯ ವಿಷಯದಲ್ಲೂ ಆಗದಷ್ಟು. ಇನ್ನೊಂದು ಚಪ್ಪಲಿಗಾಗಿ ಕಾಲಿನಿಂದಲೇ ತಡಕಾಡಿದ.

"ಮಾಮಾ, ತಿಳಿಸೋರು ನಾವಲ್ಲ," ಎಂದು ಭಾವನಾಳ ದನಿ ಒಳಗಿನಿಂದ ಬಂತು. ಆಮೇಲೆ ಅವಳೇ ಬಂದಳು, ಕೈ ಒರೆಸಿಕೊಳ್ಳುತ್ತ. ಎಲ್ಲರೆದುರಿಗೆ ಅವನನ್ನೇ ನೋಡಿ, ಗಿರಾಕಿಗೆ ಗುಳಿಗೆಯ ಹೊತ್ತು ಹೇಳುವಷ್ಟು ನಿಚ್ಚಳವಾಗಿ ಹೇಳಿದಳು: "ಮೂರು ಲಕ್ಷ ಐವತ್ತೆಂಟು ಸಾವಿರದ ನೂರಾ ಮೂರು. ಪೂರಾ ನೋಡಿ, ನೀವೇ ಬಂದು ತಿಳಿಸ್ರಿ. ಫೋನಿನ್ಯಾಗ ಬ್ಯಾಡ."

ಮಾಲಾಬಾಯಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ಓರೆಯಾಯಿತು. ನೀಲಕಂಠರಾಯರ ಮುಖ ಒಂದೇ ಸಲಕ್ಕೆ ಇಲಾಖೆಯ ಮುಖವಾಯಿತು. ಲೀಲಾಬಾಯಿ ಮಗನ ಕಡೆ ತಿರುಗಿದರು, ಆ ಕಣ್ಣುಗಳಲ್ಲಿ ದಿಗಿಲೂ ಇತ್ತು, ಒಂದು ಬಗೆಯ ಮೆಚ್ಚುಗೆಯೂ ಇತ್ತು: ಮತ್ತೆ ಬಾಯಿಬಿಟ್ಟಿದ್ದಾನೆ, ಆದರೆ ಏಳು ಕೋಟಿಯಿಂದ ಮೂರೂವರೆ ಲಕ್ಷಕ್ಕೆ ಇಳಿದಿದ್ದಾನೆ.

"ಏನದು ಮೂರು ಲಕ್ಷ?" ಎಂದರು ರಾಯರು, ನಿಧಾನವಾಗಿ. "ಯಾತರದು?"

"ಯಾತರದೂ ಅಲ್ಲ, ಮಾಮಾ," ಎಂದಳು ಭಾವನಾ. "ಬರೇ ಸಂಖ್ಯಾ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮುಕುಂದನ ಜೇಬಿನಲ್ಲಿ ಮೊಬೈಲಿತ್ತು. ತೆಗೆದು ಒತ್ತಿದ್ದರೆ ಮೂರು ಲಕ್ಷ ಐವತ್ತೆಂಟು ಸಾವಿರದ ನೂರಾ ಮೂರರ ಹಣೆಬರಹ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಅವನು ತೆಗೆಯಲಿಲ್ಲ. ಏಳರಿಂದ ಭಾಗಿಸಿದ, ನಾಲ್ಕು ಉಳಿಯಿತು. ಹದಿಮೂರರಿಂದ ಭಾಗಿಸಿದ, ಐದು ಉಳಿಯಿತು. ಗುಡ್ಡ ಹಿಂದೆ ಸರಿಯಿತು, ಹತ್ತಿಯ ಹೊಲಗಳು ಬಂದವು. ಲೀಲಾಬಾಯಿ ಬೈಲಹೊಂಗಲ ಹತ್ತಿರವಾದಾಗ ಮಗನ ಮೊಣಕೈ ಮುಟ್ಟಿದರು. ಅಷ್ಟು ವರ್ಷಗಳಲ್ಲಿ ಅವರು ಸಂಖ್ಯೆಯೊಂದರ ಬಗ್ಗೆ ತಾವಾಗಿ ಕೇಳಿದ್ದು ಅದೇ ಮೊದಲು.

"ಮುಕುಂದಾ, ಆಕಿ ಹೇಳಿದ್ದು ಒಡೀಬೇಕೋ, ಒಡೀಬಾರದೋ? ಯಾವುದಾದ್ರ ನಮಗ ಛಲೋ?"

"ಯಾವುದಾದ್ರೂ ಛಲೋನೇ, ಅವ್ವಾ," ಎಂದ ಅವನು. "ಹ್ಯಾಂಗೂ ಹೋಗಿ ಹೇಳಬೇಕಲ್ಲ."